ಎಂಟಾಳು ಬೇಡ, ಮೂವರು ಸಾಕು: ಪಿಯಾನೊ ಇಳಿಸಿದ ನನ್ನ ಅನುಭವ

ಎಂಟು ಜನರಿಲ್ಲದೆ ಪಿಯಾನೊ ಮಹಡಿ ಇಳಿಯುವುದಿಲ್ಲ ಎಂದು ಮೈಸೂರಿನ ಸಾಮಾನು ಸಾಗಿಸುವವರೆಲ್ಲ ನನಗೆ ಹೇಳಿದ್ದರು. ಕಳೆದ ಕಾರ್ತಿಕದಲ್ಲಿ ಯಾದವಗಿರಿಯ ಹಳೆಯ ಮನೆಯೊಂದರಿಂದ ನಾವು ಮೂವರೇ ಇಳಿಸಿದೆವು. ಹತ್ತಿರ ಹತ್ತಿರ 250 ಕಿಲೋ ತೂಕ, 17 ಮೆಟ್ಟಿಲು, ನಡುವೆ ಒಂದು ತಿರುವು. ಗೋಡೆಯ ಸುಣ್ಣವೂ ಉದುರಲಿಲ್ಲ.

ಅದಕ್ಕೆ ಮೊದಲು ಕೈ ಚೆನ್ನಾಗಿಯೇ ಸುಟ್ಟುಕೊಂಡಿದ್ದೆ. ನಜರ್‌ಬಾದಿನ ಮನೆಗೆ ಎಂಟು ಹಮಾಲರನ್ನು ಕರೆದೊಯ್ದೆ. ಮೂರಡಿ ಅಗಲದ ಮೆಟ್ಟಿಲಿನಲ್ಲಿ ಅಷ್ಟು ಜನಕ್ಕೆ ಕಾಲೂರಲು ಜಾಗವೆಲ್ಲಿ? ಭಾರವೆಲ್ಲ ಕೆಳಗಿನ ಇಬ್ಬರ ಮೇಲೆ ಬಿತ್ತು, ಒಬ್ಬನ ಹೆಬ್ಬೆರಳು ಜಜ್ಜಿತು. ಕೆಳಗೆ ಬಂದ ಮೇಲೆ ಪಿಯಾನೊದ ಹಿತ್ತಾಳೆ ಗಾಲಿಗಳನ್ನೇ ನಂಬಿ ತಳ್ಳಿಸಿದೆ. ಕಿಲುಬು ಹಿಡಿದ ಗಾಲಿ ತಿರುಗಲಿಲ್ಲ; ಕೆಂಪು ಗಾರೆಯ ನೆಲದ ಮೇಲೆ ಹೊಸ್ತಿಲವರೆಗೂ ನೇಗಿಲ ಸಾಲಿನಂತಹ ಗೀರು ಬಿತ್ತು. ಆ ನೆಲ ಬಲ್ಲ ಗಾರೆಯವನನ್ನು ಹುಡುಕಿ ಸರಿಪಡಿಸಲು 14 ಸಾವಿರ ಹೋಯಿತು. ನನಗೆ ಬಂದಿದ್ದ ಬಾಡಿಗೆ 9 ಸಾವಿರ.

ಮುಂದಿನ ಕೆಲಸಕ್ಕೆ ಬಾಳೆದಿಂಡನ್ನು ಉರುಳೆ ಮಾಡಿ ನೋಡಿದೆ. ಹಜಾರದಲ್ಲಿ ಸೊಗಸಾಗಿ ಸಾಗಿತು. ಹೊಸ್ತಿಲ ಬಳಿ ದಿಂಡು ನುಜ್ಜಾಗಿ, ರಸ ಹರಿದು, ಹಿಡಿದವರ ಕಾಲು ಜಾರಿ ಒಂದು ಪೆಡಲ್ ಮುರಿಯಿತು. ಆದರೂ ಸಮನೆಲಕ್ಕೆ ಅದು ಒಳ್ಳೆಯ ಉಪಾಯವೇ.

ದಾರಿ ಹೊಳೆದದ್ದು ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ. ತೇರನ್ನು ಎಳೆಯುವವರು ಸಾವಿರಾರು ಜನ. ಅದನ್ನು ನಿಲ್ಲಿಸುವುದು, ತಿರುಗಿಸುವುದು ಚಕ್ರದ ಬುಡಕ್ಕೆ ಮರದ ಸನ್ನೆ ಕೊಡುವ ಕೆಲವರು. ಪಿಯಾನೊವನ್ನೇಕೆ ಹೊರಬೇಕು, ತಡೆದರೆ ಸಾಲದೆ?

ಯಾದವಗಿರಿಯಲ್ಲಿ ಪಿಯಾನೊದ ಮನೆಗಳನ್ನೂ (ಬೆರಳಿನಿಂದ ಒತ್ತುವ ಕೀಲಿಗಳು) ತಂತಿ ಬಡಿಯುವ ಸುತ್ತಿಗೆಗಳ ಚೌಕಟ್ಟನ್ನೂ ಮೊದಲೇ ಬಿಚ್ಚಿಟ್ಟೆವು, ಸುಮಾರು 30 ಕಿಲೋ ಇಳಿಯಿತು. ಮೆಟ್ಟಿಲ ಮೇಲೆ ಎರಡು ಹೊನ್ನೆ ಹಲಗೆ, ಕಂಬಳಿ ಸುತ್ತಿದ ಪಿಯಾನೊ, ಮಹಡಿಯ ಕಂಬಕ್ಕೆ ಎರಡು ಸುತ್ತು ತೆಂಗಿನ ನಾರಿನ ಹಗ್ಗ. ನೈಲಾನ್ ಬೇಡ, ಕಂಬದ ಮೇಲೆ ಜಾರುತ್ತದೆ. ಒಬ್ಬ ಹಗ್ಗವನ್ನು ಗೇಣು ಗೇಣಾಗಿ ಬಿಡುತ್ತಾನೆ, ಇನ್ನೊಬ್ಬ ಉದ್ದ ಹಿಡಿಯ ಸನ್ನೆಯನ್ನು ಪಕ್ಕದಿಂದ ತೂರಿಸುತ್ತಾನೆ. ಭಾರದ ಕೆಳಗೆ ಯಾರೂ ನಿಲ್ಲುವುದಿಲ್ಲ. ಹಲಗೆಗೆ ಏನು ಸವರುತ್ತೇನೆ, ತಿರುವಿನಲ್ಲಿ ಹಗ್ಗವನ್ನು ಎಲ್ಲಿಗೆ ಬದಲಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ಅದು ನನ್ನ ಅನ್ನ. ಆಳಿನ ಖರ್ಚು 3 ಸಾವಿರದೊಳಗೆ ಮುಗಿಯಿತು. ಮೊದಲು ಅದು 8 ಸಾವಿರ ದಾಟುತ್ತಿತ್ತು.

ಕೆಟ್ಟ ಹಳೆಯ ಪಿಯಾನೊದ ವಿಲೇವಾರಿ ಇನ್ನೂ ಕಷ್ಟ. ಜಯಚಾಮರಾಜೇಂದ್ರ ಒಡೆಯರ್ ಪಿಯಾನೊ ನುಡಿಸುತ್ತಿದ್ದ ಊರು ಇದು. ಹಾಗಾಗಿ ಹಳೆಯ ಪಿಯಾನೊ ಇರುವವರು ‘ಇದು ಅರಮನೆಯದು’ ಎಂದು ಲಕ್ಷದ ಮಾತಾಡುತ್ತಾರೆ. ಹಿಂಬದಿಯ ಹಲಗೆಗೆ ಉಗುರು ಒತ್ತಿ ತೋರಿಸುತ್ತೇನೆ. ಗೆದ್ದಲು ತಿಂದ ಮರ ರವೆಯಂತೆ ಉದುರುತ್ತದೆ. ಆಮೇಲೆ ಮಾತು ಸಲೀಸು.

ಪಿಯಾನೊ ಬಿಚ್ಚುವಾಗ ತಂತಿ ಕತ್ತರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 220ಕ್ಕೂ ಹೆಚ್ಚು ತಂತಿಗಳು ಸೇರಿ ಹದಿನೈದು ಇಪ್ಪತ್ತು ಟನ್ ಎಳೆತ ಹಿಡಿದಿರುತ್ತವೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ, ಮೂರು ಸುತ್ತಿನಲ್ಲಿ ಸಡಿಲಿಸಬೇಕು. ಅರ್ಧ ದಿನ ಹಿಡಿಯುತ್ತದೆ. ಬೀಡುಕಬ್ಬಿಣದ ಚೌಕಟ್ಟು ಗುಜರಿಗೆ ಹೋದರೆ ಎರಡೂವರೆ ಸಾವಿರದಷ್ಟು ಬರುತ್ತದೆ, ಮಂದ್ರದ ತಂತಿಗಳಿಗೆ ಸುತ್ತಿದ ತಾಮ್ರಕ್ಕೆ ಬೇರೆ.

ಬಿಳಿ ಮನೆಗಳ ಮೇಲ್ಪದರದಲ್ಲಿ ಸಣ್ಣ ಗೆರೆಗಳು ಕಂಡರೆ ಅದು ದಂತವಿರಬಹುದು. ದಂತದ ವ್ಯಾಪಾರ ಕಾನೂನಿನಲ್ಲಿ ನಿಷಿದ್ಧ. ನಾನು ಅದನ್ನು ಮುಟ್ಟುವುದಿಲ್ಲ, ಅರಣ್ಯ ಇಲಾಖೆಯನ್ನು ಕೇಳಿ ಎಂದು ಮನೆಯವರಿಗೆ ಹೇಳಿ ಬರುತ್ತೇನೆ. ಕಪ್ಪು ಮನೆಗಳ ಕಥೆ ಬೇರೆ. ಹಳೆಯವುಗಳಲ್ಲಿ ಹಲವು ಅಪ್ಪಟ ಕರಿಮರ. 36 ತುಂಡುಗಳನ್ನು ಬೀಟೆ ಕೆತ್ತನೆಯ ಕುಶಲಕರ್ಮಿಯೊಬ್ಬರಿಗೆ ಒಯ್ದುಕೊಟ್ಟೆ. ಅವರು ಒಂದನ್ನು ಸೀಳಿ, ಅಂಗೈಗೆ ಉಜ್ಜಿ, ಬೆಲೆಯನ್ನೇ ಕೇಳದೆ ಪೆಟ್ಟಿಗೆಗೆ ಹಾಕಿಕೊಂಡರು. ಈಗ ಅವರು ಕೆತ್ತುವ ಆನೆಗಳ ಕಣ್ಣೆಲ್ಲ ಆ ಪಿಯಾನೊದ್ದೇ.