ಹಳೇ ಸಾರ್ವಜನಿಕ ಶೌಚಾಲಯದ ಜೀರ್ಣೋದ್ಧಾರ: ಮೊದಲು ಚರಂಡಿ, ಆಮೇಲೆ ಚಂದ

ಸ್ಕಾಟ್ಲೆಂಡಿನ ಬ್ಯೂಟ್ ದ್ವೀಪದ ರಾತ್‌ಸೆ ಬಂದರಿನಲ್ಲಿ 1899ರ ಗಂಡಸರ ಶೌಚಾಲಯವೊಂದಿದೆ. 1994ರಲ್ಲಿ ಅದರ ಜೀರ್ಣೋದ್ಧಾರವಾಯಿತು. ಗಾಜಿನ ಬದಿಯ ನೀರಿನ ತೊಟ್ಟಿ, ಮಿನುಗುವ ತಾಮ್ರದ ಕೊಳವೆಗಳನ್ನು ನೋಡಲೆಂದೇ ಜನ ಹೋಗುತ್ತಾರೆ, ಬಳಸಿಯೂ ಬರುತ್ತಾರೆ. ಬಳ್ಳಾರಿಯ ಕಂಟೋನ್ಮೆಂಟ್ ಕಡೆಯೋ ಹಳೇ ಪೇಟೆಯಲ್ಲೋ ಸುಣ್ಣದ ಗಾರೆಯ ಇಂಥ ಕಟ್ಟಡ ಉಳಿದಿದ್ದರೆ, ಅದನ್ನೂ ಬಳಕೆಗೆ ಬರುವಂತೆಯೇ ಎಬ್ಬಿಸಬೇಕು. ಬರೀ ಬಣ್ಣ ಹೊಡೆದು ಬೀಗ ಹಾಕಿದರೆ ಎರಡು ಮಳೆಗಾಲಕ್ಕೆ ಮತ್ತೆ ಹಾಳು.

ಮೊದಲು ಹಳೇ ಗುಂಡಿ ಎಲ್ಲಿದೆ ಎಂದು ಗುರುತಿಸಿ. ಎಷ್ಟೇ ವರ್ಷ ಒಣಗಿ ಬಿದ್ದಿರಲಿ, ಒಳಗೆ ಯಾರನ್ನೂ ಇಳಿಸಬೇಡಿ. ವಿಷಗಾಳಿ ಜೀವ ತೆಗೆಯುತ್ತದೆ. ರಕ್ಷಣಾ ಸಾಧನ ಕೊಡದೆ ಹಾಗೆ ಇಳಿಸುವುದನ್ನು, ಮಲ ಹೊರಿಸುವ ಪದ್ಧತಿ ತಡೆಯುವ 2013ರ ಕಾಯ್ದೆಯೂ ನಿಷೇಧಿಸಿದೆ. ಹೊಲಸನ್ನು ಪೈಪಿನಲ್ಲಿ ಹೀರಿಕೊಳ್ಳುವ ಸಕಿಂಗ್ ಗಾಡಿ ತರಿಸಿ.

ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಹಳೇ ಜೇಡಿಪೈಪಿನ ಜೋಡಣೆಗಳೆಲ್ಲ ಸಡಿಲಾಗಿರುತ್ತವೆ. ಪೈಪಿನ ಸುತ್ತಲ ಎರೆ ತೆಗೆದು ಕೆಳಗೂ ಬದಿಗೂ ಮರಳು ಹಾಕಿ, ಮೇಲೆ ಗರಸು ತುಂಬಿ ದಮ್ಮಸು ಮಾಡಿ. 100 ಮಿ.ಮೀ. ಪೈಪಿಗೆ ಮೀಟರಿಗೆ 25 ಮಿ.ಮೀ. ಇಳಿಜಾರು ಕೊಡಿ. ಮುಚ್ಚುವ ಮುನ್ನ ಕೆಳಬಾಯಿ ಕಟ್ಟಿ ನೀರು ತುಂಬಿಸಿ ಹತ್ತು ನಿಮಿಷ ಬಿಡಿ. ಮಟ್ಟ ಇಳಿದರೆ ಜೋಡಣೆ ಸೋರುತ್ತಿದೆ ಎಂದೇ ಅರ್ಥ. ಚರಂಡಿಯ ನಾತ ಮೇಲೆ ಬಾರದಂತೆ ನೀರು ನಿಲ್ಲಿಸುವ ಬಾಗಿದ ಪೈಪು, ಅಂದರೆ ಟ್ರ್ಯಾಪಿನಲ್ಲಿ ಕನಿಷ್ಠ 50 ಮಿ.ಮೀ. ನೀರು ನಿಲ್ಲಬೇಕು. ಬಳ್ಳಾರಿ ಬಿಸಿಲಿಗೆ ಬಳಸದ ಟ್ರ್ಯಾಪ್ ಬೇಗ ಒಣಗಿ ನಾತ ಹೊಡೆಯುತ್ತದೆ. ಆದ್ದರಿಂದ ದಿನಾ ಒಂದು ಸಲ ಎಲ್ಲಕ್ಕೂ ನೀರು ಬಿಡಿ.

ಗೋಡೆಯ ಕೆಲಸವೇ ತಾಳ್ಮೆ ಬೇಡುವುದು. ಮೇಲೆ ಸಿಮೆಂಟ್ ಬಳಿದಿದ್ದರೆ ಉಳಿ, ಸುತ್ತಿಗೆಯಿಂದ ಕೈಯಲ್ಲೇ ಬಿಡಿಸಿ. ಒಡೆಯುವ ಯಂತ್ರ (ಬ್ರೇಕರ್) ಹಚ್ಚಿದರೆ ಕಲ್ಲಿನ ಅಂಚು ಹಾರುತ್ತದೆ. ಸಿಮೆಂಟ್ ತೇವವನ್ನು ಒಳಗೇ ಹಿಡಿದಿಡುತ್ತದೆ. ಮೂತ್ರದ ಉಪ್ಪು ಅಲ್ಲೇ ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಸುಣ್ಣವನ್ನು ಅರಳಿಸಿ ಕನಿಷ್ಠ ಮೂರು ವಾರ ನೀರಿನಡಿ ಇಡಿ. ಒಣ ಗೋಡೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ನೀರು ತಾಗುವಲ್ಲಿ ಸುಣ್ಣ ಒಂದು, ಸುರ್ಕಿ (ಇಟ್ಟಿಗೆ ಪುಡಿ) ಒಂದು, ಮರಳು ಎರಡು. ಕರಿಕಾಗಿ ಸುಟ್ಟ ಇಟ್ಟಿಗೆಯ ಸುರ್ಕಿ ಸುಣ್ಣದೊಂದಿಗೆ ಕೂಡುವುದಿಲ್ಲ, ಬೇಡ. ಗೋಡೆ ನೆನೆಸಿಯೇ ಗಾರೆ ಹಚ್ಚಿ, ಒಂದು ಪದರ 10 ಮಿ.ಮೀ. ಮೀರದಿರಲಿ. ಒದ್ದೆ ಗೋಣಿತಟ್ಟು ಇಳಿಬಿಟ್ಟು ವಾರವಿಡೀ ಹಸಿಯಾಗಿಡಿ. ಏಪ್ರಿಲ್, ಮೇನಲ್ಲಿ ಈ ಕೆಲಸ ಹಿಡಿಯದಿರುವುದೇ ಒಳ್ಳೆಯದು; ಗಾರೆ ಗಟ್ಟಿಯಾಗುವ ಮುಂಚೆ ಒಣಗಿ ಕೂದಲಬಿರುಕು ಬಿಡುತ್ತದೆ.

ಪಿಂಗಾಣಿಗೆ ಬಾಟಲಿ ಆಸಿಡ್ ಮುಟ್ಟಿಸಬೇಡಿ. ಬೋರ್‌ವೆಲ್ ನೀರಿನ ಬಿಳಿ ಪೊರೆಗೆ ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ, ಬಟ್ಟೆ ನೆನೆಸಿ ಅರ್ಧ ಗಂಟೆ ಹೊದಿಸಿ, ತೊಳೆಯಿರಿ. ಅಮೃತಶಿಲೆ ಇದ್ದಲ್ಲಿ ಇದೂ ಕೂಡದು, ಕಲ್ಲನ್ನೇ ತಿನ್ನುತ್ತದೆ. ಹಿತ್ತಾಳೆಗೆ ಹುಣಸೆಹಣ್ಣು ಸಾಕು, ತಿಕ್ಕಿದ ಕೂಡಲೇ ತೊಳೆದು ಒರೆಸಿ. ಸರಪಳಿ ಎಳೆಯುವ ತೊಟ್ಟಿ ನಿಲ್ಲದೆ ಸುರಿಯುತ್ತಿದ್ದರೆ ಒಳಗಿನ ಗಂಟೆಯಾಕಾರದ ಭಾಗಕ್ಕೆ ಕಟ್ಟಿದ ಪೊರೆ ಕೆರೆದು ವಾಷರ್ ಬದಲಿಸಿ. ಎರಕದ ತೊಟ್ಟಿಯನ್ನು ಎಸೆದುಬಿಡಬೇಡಿ. ಅದರ ಜಾಗಕ್ಕೆ ಹೊಸ 6 ಲೀಟರ್ ಟ್ಯಾಂಕ್ ಕೂರಿಸಿದರೆ ಅಷ್ಟು ನೀರಿಗೆ ಹಳೇ ಬೇಸಿನ್ನು ಪೂರ್ತಿ ಸ್ವಚ್ಛವಾಗುವುದು ಕಷ್ಟ.

ರಾತ್‌ಸೆಯ ಮೂಲ ಕಟ್ಟಡದಲ್ಲಿ ಹೆಂಗಸರಿಗೆ ಜಾಗವೇ ಇರಲಿಲ್ಲ. ಇಲ್ಲಿ ಆ ಕೊರತೆ ಉಳಿಯಬಾರದು. ಹಳೇ ಗೋಡೆ ಒಡೆಯದೆ ಪಕ್ಕದಲ್ಲೇ ಹೆಂಗಸರಿಗೆ, ಗಾಲಿಕುರ್ಚಿಯವರಿಗೆ ಹೊಸ ಕೋಣೆ ಕಟ್ಟಿ. ಇಳಿಜಾರು ದಾರಿ 12 ಅಡಿ ಉದ್ದಕ್ಕೆ 1 ಅಡಿ ಏರುವಂತಿರಲಿ. ನೋಡಲು ಬರುವವರಿಗೆ ಬೇರೆ ಹೊತ್ತು ಗೊತ್ತುಮಾಡಿ, ಬಳಸುವವರಿರುವಾಗ ಫೋಟೊ ಬೇಡ. ಟಿಕೆಟ್ಟಿನ ದುಡ್ಡಿನಲ್ಲಿ ಮೊದಲ ಪಾಲು ಸ್ವಚ್ಛತೆಯವರ ಸಂಬಳ, ಕೈಗವಸು, ಬೂಟಿಗೆ ಹೋಗಲಿ.