ಮಹಿಳಾ ಡಬಲ್ಸ್ ಟೆನಿಸ್ ನೋಡುವ ಬಗೆ: ಕೊಡಗಿನ ಮನೆಗಳಿಗೊಂದು ಕೈಪಿಡಿ

ಕೊಡಗಿನ ರೋಹನ್ ಬೋಪಣ್ಣ ಅವರು 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಗೆದ್ದ ಮೇಲೆ ನಮ್ಮಲ್ಲಿ ಡಬಲ್ಸ್ ಎಂಬ ಮಾತು ಹೊಸದಾಗಿ ಉಳಿದಿಲ್ಲ. ಆದರೂ ಟಿವಿಯಲ್ಲಿ ಮಹಿಳಾ ಡಬಲ್ಸ್ ಬಂದೊಡನೆ ಚಾನೆಲ್ ಬದಲಿಸುವವರನ್ನು ನಾನು ಬಹಳ ಕಂಡಿದ್ದೇನೆ. ಅಂಕಣದಲ್ಲಿ ನಾಲ್ವರಿರುವಾಗ ಯಾರನ್ನು ನೋಡಬೇಕೆಂದು ತೋಚದಿರುವುದೇ ಅದಕ್ಕೆ ಕಾರಣವೆಂಬುದು ನನ್ನ ಅನಿಸಿಕೆ. ಕಣ್ಣನ್ನು ಚೆಂಡಿನಿಂದ ಸ್ವಲ್ಪ ಬಿಡಿಸಿಕೊಂಡರೆ ಈ ಆಟ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲು ಒಬ್ಬ ಆಟಗಾರ್ತಿಯನ್ನು ಆರಿಸಿಕೊಂಡು ಅವರ ಪಂದ್ಯಗಳನ್ನೇ ನಾಲ್ಕಾರು ಬಾರಿ ನೋಡಿ. ಕೊಡಗಿನವರಿಗೆ ಕೆನಡಾದ ಗೇಬ್ರಿಯೇಲಾ ಡಬ್ರೌಸ್ಕಿ ಅವರಿಗಿಂತ ಒಳ್ಳೆಯ ಆರಂಭ ಸಿಗಲಾರದು. 2017ರಲ್ಲಿ ಬೋಪಣ್ಣನವರೊಡನೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದವರು ಅವರೇ. 2022ರಲ್ಲಿ ಚೆನ್ನೈ ಓಪನ್‌ನಲ್ಲಿ ಬ್ರೆಜಿಲ್‌ನ ಲೂಯಿಸಾ ಸ್ಟೆಫಾನಿ ಜೊತೆ, ಮರುವರ್ಷ ಯುಎಸ್ ಓಪನ್‌ನಲ್ಲಿ ನ್ಯೂಜಿಲೆಂಡ್‌ನ ಎರಿನ್ ರೌಟ್‌ಲಿಫ್ ಜೊತೆ ಮಹಿಳಾ ಡಬಲ್ಸ್ ಪ್ರಶಸ್ತಿಯನ್ನೂ ಪಡೆದರು.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ವಿಂಬಲ್ಡನ್‌ನ ಹೊರ ಅಂಕಣಗಳಲ್ಲಿ ಆಟ ಆರಂಭವಾಗುವುದು ನಮ್ಮ ಮಧ್ಯಾಹ್ನ ಮೂರೂವರೆಗೆ. ಅದು ಜುಲೈ ತಿಂಗಳಾದ್ದರಿಂದ ಇಲ್ಲಿ ಮಳೆ ಹಿಡಿದು ತೋಟದ ಕೆಲಸ ನಿಂತಿರುತ್ತದೆ, ನೋಡಲು ಬಿಡುವೂ ಇರುತ್ತದೆ. ಆದರೆ ಗಾಳಿಗೆ ಮರ ಬಿದ್ದು ಕರೆಂಟು ಹೋಗುವ ಕಾಲವೂ ಅದೇ ಆಗಿರುವುದರಿಂದ ಫೋನನ್ನು ಬೆಳಿಗ್ಗೆಯೇ ಚಾರ್ಜ್ ಮಾಡಿಟ್ಟುಕೊಳ್ಳಿ.

ಇನ್ನು ಅಂಕಗಳ ವಿಷಯ. ಮಹಿಳಾ ಟೆನಿಸ್ ಸಂಘದ (ಡಬ್ಲ್ಯುಟಿಎ) ಟೂರ್ನಿಗಳಲ್ಲಿ ಗೇಮ್ 40-40 ಆದಾಗ ಒಂದೇ ನಿರ್ಣಾಯಕ ಅಂಕವನ್ನು ಆಡಿ ಮುಗಿಸುತ್ತಾರೆ, ಮತ್ತು ಆ ಸರ್ವ್ ಅನ್ನು ಎಡ ಬಲಗಳಲ್ಲಿ ಯಾವ ಬದಿಯಲ್ಲಿ ಎದುರಿಸಬೇಕೆಂಬ ಆಯ್ಕೆ ರಿಟರ್ನ್ ಮಾಡುವ ಜೋಡಿಯದು. ಸೆಟ್‌ಗಳು 1-1 ಆದರೆ ಮೂರನೆಯ ಸೆಟ್‌ನ ಬದಲು ಹತ್ತು ಅಂಕಗಳ ಟೈಬ್ರೇಕ್, ಎಂದರೆ ಎರಡು ಅಂಕಗಳ ಅಂತರವಿಟ್ಟು ಮೊದಲು ಹತ್ತು ಮುಟ್ಟಿದವರು ಗೆಲ್ಲುವ ಆಟ, ಇರುತ್ತದೆ. ವಿಂಬಲ್ಡನ್‌ನಂಥ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಮಾತ್ರ ಮೂರನೆಯ ಸೆಟ್ ಪೂರ್ತಿ ನಡೆಯುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನು 1997ರಿಂದ ನೋಡುತ್ತ ಬಂದಿರುವ ನಮ್ಮ ಹಿರಿಯರು, ಚೆಂಡು ಹಿಡಿದವನಿಗಿಂತ ಬರಿಗೋಲಿನಲ್ಲಿ ಖಾಲಿ ಜಾಗಕ್ಕೆ ಓಡುತ್ತಿರುವವನನ್ನೇ ಹೆಚ್ಚು ಗಮನಿಸುತ್ತಾರೆ. ಡಬಲ್ಸ್ ನೋಡುವುದಕ್ಕೂ ಅದೇ ಕಣ್ಣು ಬೇಕು. ಸರ್ವ್ ಮಾಡುವವಳನ್ನು ಬಿಟ್ಟು, ನೆಟ್ ಬಳಿ ಬಾಗಿ ನಿಂತಿರುವ ಅವಳ ಜೊತೆಗಾರ್ತಿಯನ್ನು ನೋಡಿ. ಎದುರಾಳಿಗೆ ಕಾಣದಂತೆ ಅವಳು ಬೆನ್ನ ಹಿಂದೆ ಕೈ ಇಟ್ಟು ಸನ್ನೆ ಮಾಡುತ್ತಾಳೆ. ಸಾಮಾನ್ಯವಾಗಿ ಮುಷ್ಟಿ ಬಿಗಿದರೆ ತಾನು ನಿಂತಲ್ಲೇ ಇರುತ್ತೇನೆಂದೂ ಅಂಗೈ ಬಿಚ್ಚಿದರೆ ಅಡ್ಡ ಹಾಯುತ್ತೇನೆಂದೂ ಅರ್ಥ. ಜೋಡಿಯಿಂದ ಜೋಡಿಗೆ ಈ ಭಾಷೆ ಬದಲಾಗುವುದೂ ಉಂಟು. ಹಿಂದಿನ ವಿಂಬಲ್ಡನ್ ಸಮಯದಲ್ಲಿ ನನ್ನ ಅಕ್ಕನ ಮಗಳು ಪರದೆಯ ಹತ್ತಿರ ಕುಳಿತು, "ಚಿಕ್ಕಮ್ಮ, ಬೆರಳು ಬಿಚ್ಚಿದಳು, ಈಗ ಹಾರುತ್ತಾಳೆ ನೋಡಿ" ಎಂದು ಸರ್ವ್‌ಗೆ ಮುಂಚೆಯೇ ಹೇಳತೊಡಗಿದಳು, ಮತ್ತು ಬಹುಪಾಲು ಸಲ ಅವಳ ಮಾತೇ ನಿಜವಾಯಿತು.

ಹಾಗೆ ಹಾಯುವುದರ ತರ್ಕವನ್ನು ಒಂದೇ ಅಂಕದಲ್ಲಿ ಕಾಣಬಹುದು. ಸರ್ವ್ ಅಂಕಣದ ನಡುಗೆರೆಯ ಹತ್ತಿರ ಬಿದ್ದರೆ ಎದುರಾಳಿಗೆ ಚೆಂಡನ್ನು ಓರೆಯಾಗಿ ಹೊರಕ್ಕೆ ಎಳೆದು ಹೊಡೆಯುವ ಕೋನ ಸಿಗದೆ, ಅದು ನೆಟ್‌ನ ನಡುಭಾಗದ ಮೇಲೆಯೇ ಹಿಂತಿರುಗುತ್ತದೆ. ನೆಟ್ ಬಳಿಯವಳು ಎರಡು ಹೆಜ್ಜೆ ಓರೆಯಾಗಿ ಮುಂದಿಟ್ಟು ಅದನ್ನು ಗಾಳಿಯಲ್ಲಿಯೇ ತಡೆದು, ಎದುರಿನ ಇಬ್ಬರ ನಡುವಿನ ತೆರವಿಗೆ ವಾಲಿ ಮಾಡುತ್ತಾಳೆ. ಅದೇ ಹೊತ್ತಿಗೆ ಸರ್ವ್ ಮಾಡಿದವಳು ಜೊತೆಗಾರ್ತಿ ಬಿಟ್ಟುಬಂದ ಬದಿಯನ್ನು ಕಾಯಲು ಓಡಿರುತ್ತಾಳೆ. ಕ್ಯಾಮೆರಾ ಹೊಡೆತವನ್ನು ಹಿಂಬಾಲಿಸುತ್ತದೆ, ನೀವು ಈ ಓಟವನ್ನು ಹಿಂಬಾಲಿಸಿ. ಇಬ್ಬರ ನಡುವಿನ ನಂಬಿಕೆ ಕಾಣುವುದು ಅಲ್ಲಿಯೇ, ಏಕೆಂದರೆ ಅವಳು ಓಡದಿದ್ದರೆ ಆ ಬದಿಯ 36 ಅಡಿ ಅಗಲದ ಅಂಕಣ ಅರ್ಧ ಬಯಲಾಗಿ ಉಳಿಯುತ್ತದೆ.

ರಿಟರ್ನ್ ಮಾಡುವ ಜೋಡಿಯ ಉತ್ತರಗಳನ್ನೂ ಗುರುತಿಸಲು ಕಲಿಯಿರಿ. ಅಡ್ಡ ಹಾಯುವವಳ ತಲೆಯ ಮೇಲೆ ಲಾಬ್ (ಎತ್ತರಕ್ಕೆ ಹಾರಿಸುವ ಹೊಡೆತ) ಎತ್ತುವುದು, ಅವಳು ಬಿಟ್ಟ ಬದಿಗೆರೆಯ ಗುಂಟ ನೇರ ಹೊಡೆಯುವುದು, ಇಲ್ಲವೇ ಇಬ್ಬರೂ ಹಿಂದೆ ಸರಿದು ನಿಂತು ಅವಳ ವಾಲಿಗೆ ಗುರಿಯೇ ಇಲ್ಲದಂತೆ ಮಾಡುವುದು. ಒಂದು ಗೇಮ್‌ನಲ್ಲಿ ಲಾಬ್ ಬಂದರೆ ಮುಂದಿನ ಗೇಮ್‌ನಲ್ಲಿ ನೆಟ್‌ನವಳು ಒಂದು ಹೆಜ್ಜೆ ಹಿಂದೆ ನಿಂತಿರುವುದನ್ನು ನೀವೇ ಕಾಣುವಿರಿ.

ಎತ್ತರವೂ ಬಿರುಸಾದ ಸರ್ವ್ ಕೂಡ ಇಲ್ಲದೆ ಗೆಲ್ಲಲಾಗದೆಂದು ಭಾವಿಸುವವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್ ನೋಡಬೇಕು. ಇಟಲಿಯ ಸಾರಾ ಎರಾನಿ ಮತ್ತು ಜಾಸ್ಮಿನ್ ಪಾವೊಲಿನಿ ಇಬ್ಬರೂ ಕುಳ್ಳಗಿರುವವರು. ಎರಾನಿ ಅವರ ಸರ್ವ್ ನಿಧಾನದ್ದು. ಆದರೂ ಮಿರ್ರಾ ಆಂಡ್ರೀವಾ ಮತ್ತು ಡಯಾನಾ ಶ್ನೈಡರ್ ಎದುರು ಮೊದಲ ಸೆಟ್ ಕಳೆದುಕೊಂಡ ಮೇಲೆ ಅವರು 2-6, 6-1, 10-7ರಿಂದ ಚಿನ್ನ ಗೆದ್ದರು. ನನ್ನ ಮಟ್ಟಿಗೆ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಳೆಯ ಪಂದ್ಯಗಳಲ್ಲಿ ಸಾನಿಯಾ ಮಿರ್ಜಾ ಮತ್ತು ಮಾರ್ಟಿನಾ ಹಿಂಗಿಸ್ ಜೋಡಿಯದನ್ನು ಹುಡುಕಿ: 2015ರ ವಿಂಬಲ್ಡನ್, ಅದೇ ವರ್ಷದ ಯುಎಸ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್. ಹಿಂದಿನಿಂದ ಸಾನಿಯಾ ಅವರ ಬಿರುಸಿನ ಫೋರ್‌ಹ್ಯಾಂಡ್ ಎದುರಾಳಿಗಳನ್ನು ತಡವರಿಸುವಂತೆ ಮಾಡಿದಾಗ ನೆಟ್ ಬಳಿ ಹಿಂಗಿಸ್ ಹೇಗೆ ಮೊದಲೇ ಸಿದ್ಧರಾಗಿರುತ್ತಿದ್ದರೆಂದು ನೋಡಿ. ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ ಅವರು ಜ್ವಾಲಾ ಗುಟ್ಟಾ ಜೊತೆ ಆಡಿದ ಬ್ಯಾಡ್ಮಿಂಟನ್ ಡಬಲ್ಸ್ ನೆನಪಿರುವವರಿಗೆ ಇಂಥ ಹೊಂದಾಣಿಕೆ ಬೇಗ ಹಿಡಿಸುತ್ತದೆ.

ನೋಡುವಾಗ ಒಂದು ಹಳೆಯ ನೋಟ್‌ಬುಕ್ ಪಕ್ಕದಲ್ಲಿರಲಿ. ಪ್ರತಿ ಅಂಕ ಮುಗಿದಾಗ ಕೊನೆಯ ಹೊಡೆತ ನೆಟ್ ಬಳಿಯವಳದೋ ಹಿಂದಿನವಳದೋ ಎಂದು ಎರಡು ಕಾಲಮ್‌ಗಳಲ್ಲಿ ಗೀಟು ಹಾಕುತ್ತ ಹೋಗಿ, ಒಂದು ಸೆಟ್ ಮುಗಿದ ಮೇಲೆ ಎಣಿಸಿ, ಎರಡನೆಯ ಸೆಟ್‌ಗೆ ಆ ಲೆಕ್ಕದಲ್ಲಿ ಮುಂದಿರುವವಳ ಮೇಲೆಯೇ ಕಣ್ಣಿಡಿ.