ಮಾಂದಲಪಟ್ಟಿಗೆ ಜೀಪಲ್ಲಿ ಹೋಗುವವರಿಗೆ ನಾಲ್ಕು ಮಾತು

ರಜೆ ಬಂತು, ನೆಂಟರು ಬರ್ತಾರೆ, ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟ ತೋರಿಸಿ ಅಂತಾರೆ. ದಯವಿಟ್ಟು ನಿಮ್ಮ ಕಾರು ಮೇಲಕ್ಕೆ ಹತ್ತಿಸಬೇಡಿ. ಕೊನೆಯ ಕೆಲವು ಕಿಲೋಮೀಟರ್ ಬರೀ ಕಲ್ಲು, ಕೊರಕಲು. ಅಲ್ಲಿ ಫೋರ್ ವೀಲ್ ಡ್ರೈವ್ ಜೀಪೇ ಸರಿ. ಆರು ಜನರಿದ್ದರೆ ಒಂದು ಜೀಪು ಸಾಕು.

ಬಾಡಿಗೆಯನ್ನು ತಲೆಗಿಷ್ಟು ಅಂತ ಮಾತಾಡಬೇಡಿ, ಇಡೀ ಜೀಪಿಗೆ ಮಾತಾಡಿ. ಮೇಲೆ ಎಷ್ಟು ಹೊತ್ತು ಕಾಯ್ತಾರೆ, ಬರುವಾಗ ಅಬ್ಬಿ ಜಲಪಾತದಲ್ಲಿ ನಿಲ್ಲಿಸ್ತಾರಾ, ಎರಡನ್ನೂ ಹತ್ತುವ ಮೊದಲೇ ಕೇಳಿಬಿಡಿ. ನಾವು ಕೇಳದೆ ಹೋಗಿ, ಅರ್ಧ ಗಂಟೆಗೇ ಹಾರ್ನ್ ಶುರುವಾಗಿತ್ತು! ಅರಣ್ಯ ಇಲಾಖೆಯ ಟಿಕೆಟ್ ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಅದೂ ಕೇಳಿ.

ಸೊಂಟನೋವಿನವರನ್ನು, ವಯಸ್ಸಾದವರನ್ನು ಮುಂದೆ ಡ್ರೈವರ್ ಪಕ್ಕ ಕೂರಿಸಿ. ಹಿಂದಿನ ಅಡ್ಡ ಸೀಟಲ್ಲಿ ತಲೆ ಮೇಲಿನ ಕಂಬಿಗೆ ಬಡಿಯೋದು ಗ್ಯಾರಂಟಿ. ಹೊಟ್ಟೆ ತುಂಬಾ ಕಡುಬು ತಿಂದು ಹೊರಡಬೇಡಿ, ಅನುಭವದ ಮಾತು.

ಮಳೆಗಾಲದಲ್ಲಾದರೆ ಜಿಗಣೆಗೆ ಉಪ್ಪಿನ ಪೊಟ್ಟಣ ಜೇಬಲ್ಲಿರಲಿ. ಮಂಜು ಕವಿದು ಏನೂ ಕಾಣದೆಯೂ ವಾಪಸ್ ಬರಬೇಕಾಗಬಹುದು, ನೆಂಟರಿಗೆ ಮೊದಲೇ ಹೇಳಿಡಿ.

ಈಜಿನ ವಿಷಯ. ಅಬ್ಬಿ ಜಲಪಾತ ಅದೇ ದಾರಿಯಲ್ಲಿದೆ, ಮಡಿಕೇರಿಯಿಂದ ಸುಮಾರು 8 ಕಿಲೋಮೀಟರ್. ಅಲ್ಲಿ ನೋಡೋದಷ್ಟೇ, ನೀರಿಗೆ ಇಳಿಯೋದು ಬೇಡವೇ ಬೇಡ. ಬಂಡೆ ಮೇಲೆ ಪಾಚಿ; ಮೇಲೆ ಬೆಟ್ಟದಲ್ಲಿ ಮಳೆ ಬಿದ್ದರೆ ಕೆಳಗೆ ಬಿಸಿಲಿದ್ದರೂ ನೀರು ಏಕಾಏಕಿ ಏರುತ್ತೆ. ಮಕ್ಕಳು ಹಟ ಮಾಡಿದರೆ ಈಜುಕೊಳ ಇರುವ ಹೋಂಸ್ಟೇ ಹಿಡಿಯಿರಿ.